ಸತ್ತ ಮೇಲಿನ ಲೆಕ್ಕ

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಒಂದು ಖಾನೇಷುಮಾರಿ ನಡೆಯಿತು. ಹತ್ತು ವರ್ಷಗಳ ಮೇಲೆ 1881ರಲ್ಲಿ ಮತ್ತೊಂದು ನಡೆಯಿತು. ಮೊದಲನೆಯದರಲ್ಲಿ ಕಂಡುಬಂದ ಜನಸಂಖ್ಯೆ 50,55,412. ಎರಡನೆಯದರಲ್ಲಿ ಕಂಡುಬಂದದ್ದು 41,86,188. ಈ ಎರಡರ ನಡುವೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದು ಹೋಗಿತ್ತು. ಒಂದರಿಂದ ಒಂದನ್ನು ಕಳೆದರೆ 8,69,224 ಉಳಿಯುತ್ತದೆ. ಈ ಕಳೆಯುವ ಲೆಕ್ಕ ಪ್ರಾಥಮಿಕ ಪಾಠಶಾಲೆಯ ಬಾಲಕನಿಗೂ ಬರುತ್ತದೆ. ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ಮಕ್ಕಳನ್ನೂ ಸೇರಿಸಿಕೊಂಡರೆ ನಷ್ಟ ಇನ್ನೂ ದೊಡ್ಡದು, ಅದು ಹಾಗಿರಲಿ. ಸತ್ತವರ ವಿಷಯದಲ್ಲಿ ನಮ್ಮ ದಫ್ತರಗಳು ಒಂದಂಕಿಯವರೆಗೂ ನಿಖರವಾಗಿವೆ. ಅದೇ ಜನ 1877ನೆಯ ಇಸವಿಯ ಬೇಸಗೆಯಲ್ಲಿ ಇನ್ನೂ ಬದುಕಿದ್ದಾಗ, ಯಾವ ಹೋಬಳಿಯ ಯಾವ ಹಳ್ಳಿಯಲ್ಲಿ ಎಷ್ಟು ಮನೆಗಳ ಒಲೆ ಹೊತ್ತಿಲ್ಲ, ಎಷ್ಟು ಹಗೇವುಗಳು ಹಿಂದಿನ ವರ್ಷದ ಕೊರತೆಯಲ್ಲಿಯೇ ಬರಿದಾದುವು, ಎಷ್ಟು ಮಂದಿಗೆ ಇನ್ನೆಷ್ಟು ದಿನದ ರಾಗಿ ಉಂಟು ಎಂಬುದನ್ನು ಸೀಮೆಯ ಉದ್ದಗಲಕ್ಕೂ ತಿಳಿದ ಪುಸ್ತಕ ಒಂದಾದರೂ ಇತ್ತೆ? ಇರಲಿಲ್ಲ. ಅಂಥ ಪುಸ್ತಕ ಇಂದು ಉಂಟೆ? ವಾಚಕರು ಕ್ಷಮಿಸಬೇಕು, ಇಂದೂ ಇಲ್ಲ.

ವಿಪತ್ತಿನ ಕಾಲದಲ್ಲಿ ಯಾರಿಗೆ ಏನು ಬೇಕು, ಎಲ್ಲಿ ಬೇಕು, ಎಷ್ಟು ಬೇಕು ಎಂಬುದನ್ನು ಕೇಳಿ ಬರೆದು ನಕ್ಷೆಯಲ್ಲಿ ಗುರುತಿಸುವ ಕೆಲಸವು ದಾನಕ್ಕಿಂತ ಮೊದಲು ನಡೆಯತಕ್ಕದ್ದು. ಅದರ ಬಹುಭಾಗ ವಿಪತ್ತಿಗಿಂತಲೂ ಮೊದಲು ನಡೆದಿರತಕ್ಕದ್ದು. ಮತ್ತು ಅದು ನಮ್ಮಂಥ ಓದುಬರಹ ಬಲ್ಲವರ ಕರ್ತವ್ಯ. ಇದೇ ನಮ್ಮ ವಾದ. ನಮ್ಮ ನಗರದ ಸುಶಿಕ್ಷಿತ ಕುಟುಂಬಗಳು ಇದನ್ನು ಒಪ್ಪುವುದಿಲ್ಲವೆಂದು ನಾವು ಬಲ್ಲೆವು. ಬಾಯಿಂದ ಒಪ್ಪಿದರೂ ನಡತೆಯಿಂದ ಒಪ್ಪುವುದಿಲ್ಲ. ಆದಕಾರಣ ಸ್ವಲ್ಪ ಬಿರುಸಾಗಿಯೇ ಬರೆಯಬೇಕಾಗಿದೆ.

ಮೈಸೂರಿನ ನೆಲಕ್ಕೆ ಅಳತೆಯ ಭಾಗ್ಯ ಯಾವಾಗಲೂ ಕಡಿಮೆಯಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದೊಡನೆಯೇ ಕಾಲಿನ್ ಮೆಕೆಂಜಿ ಈ ಸೀಮೆಯ ಸರ್ವೆಗೆ ನಿಯಮಿತನಾದನು. 1800ರಲ್ಲಿ ಬುಕಾನನ್ ಊರೂರು ತಿರುಗಿ ಬೆಳೆ, ಮಗ್ಗ, ದನ, ಕೂಲಿ, ಸಂತೆಯ ಧಾರಣೆ ಎಲ್ಲವನ್ನೂ ಬರೆದುಕೊಂಡನು. ಅದೇ ವರ್ಷ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಾಸಿ ತನ್ನ ತ್ರಿಕೋನಮಾಪನಕ್ಕೆ ಆಧಾರರೇಖೆಯನ್ನು ಅಳೆದನು. 1863ರಿಂದ ಕಂದಾಯದ ಸರ್ವೆ ನಡೆದು ಒಂದೊಂದು ಹೊಲಕ್ಕೂ ಕಲ್ಲು ನೆಟ್ಟು ನಂಬರು ಕೊಟ್ಟದ್ದಾಯಿತು. ಹೊಲಕ್ಕೆ ನಂಬರು ಬಂತು. ಆ ಹೊಲದಲ್ಲಿ ಕೂಲಿ ಮಾಡುವವನಿಗೆ ಯಾವ ನಂಬರೂ ಬರಲಿಲ್ಲ. ಅವನಿಂದ ಸರ್ಕಾರಕ್ಕೆ ಸಲ್ಲತಕ್ಕ ಕಂದಾಯವಿಲ್ಲವಲ್ಲ! ಶಾನುಭೋಗರ ಕಡತದಲ್ಲಿ ಹಿಡುವಳಿ ಉಳ್ಳವನಿದ್ದನು, ಬಾಕಿ ಉಳಿಸಿಕೊಂಡವನಿದ್ದನು. ಏನೂ ಇಲ್ಲದವನು ಇರಲಿಲ್ಲ. ಬರ ಬಂದಾಗ ಮೊದಲು ಬೀಳುವವನಾದರೋ ಅವನೇ. ಬೆಳೆ ಕೆಟ್ಟ ದಿನವೇ ಅವನ ಕೂಲಿ ನಿಲ್ಲುತ್ತದೆ. ಸೀರೆ ಕೊಳ್ಳುವವರಿಲ್ಲದೆ ನೇಕಾರನ ಮಗ್ಗ ನಿಲ್ಲುತ್ತದೆ. ಅಂಗಡಿಯಲ್ಲಿ ಧಾನ್ಯ ಇದ್ದರೂ ಕೊಳ್ಳಲು ಕಾಸಿಲ್ಲದೆ ಜನ ಸಾಯಬಹುದೆಂಬುದನ್ನು ಅಮರ್ತ್ಯ ಸೇನರು 1943ರ ಬಂಗಾಳದ ಕ್ಷಾಮವನ್ನು ಮುಖ್ಯ ನಿದರ್ಶನವಾಗಿ ಹಿಡಿದು 1981ರಲ್ಲಿ ವಿಸ್ತಾರವಾಗಿ ತೋರಿಸಿದರು. ಧಾನ್ಯದ ಮೂಟೆಗಳನ್ನು ಎಣಿಸಿದಮಾತ್ರಕ್ಕೆ ಹಸಿವಿನ ಲೆಕ್ಕ ಸಿಕ್ಕುವುದಿಲ್ಲವೆಂಬುದು ಅದರಿಂದ ತಾನಾಗಿಯೇ ಸಿದ್ಧಿಸುತ್ತದೆ.

ಆ ಕ್ಷಾಮದ ಕಥೆಯನ್ನು ಪೂರ್ತಿ ಹೇಳಲು ಇಲ್ಲಿ ಎಡೆಯಿಲ್ಲ; ನಮ್ಮ ವಿಷಯಕ್ಕೆ ಬೇಕಾದಷ್ಟನ್ನು ಹೇಳುತ್ತೇವೆ. 1875ರಲ್ಲಿ ಮಳೆ ಕುಂದಿತು, 1876ರಲ್ಲಿ ಕೈಬಿಟ್ಟಿತು. ಆಗ ಸಂಸ್ಥಾನ ಬ್ರಿಟಿಷ್ ಕಮೀಷನರರ ಆಡಳಿತದಲ್ಲಿತ್ತು. ಮದರಾಸಿನಿಂದ ಬರುವ ರೈಲು ಬೆಂಗಳೂರಿಗೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಧಾನ್ಯ ಸಾಗಬೇಕಾದರೆ ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಎತ್ತಿಗೆ ಮೇವುನೀರು ಬೇಕು. ಮೇವುನೀರು ಇದ್ದಿದ್ದರೆ ಅದು ಬರವೇ ಆಗುತ್ತಿರಲಿಲ್ಲ. ಪೂರ್ವದ ಬಯಲುಸೀಮೆಗೆ ಬಡಿದಷ್ಟು ಕ್ಷಾಮ ಮಲೆನಾಡಿಗೆ ಬಡಿಯಲಿಲ್ಲ. ಎಂದಮೇಲೆ ಸಂಸ್ಥಾನಕ್ಕೆಲ್ಲ ಸೇರಿ ಇಷ್ಟು ಧಾನ್ಯವಿದೆ ಎಂಬ ಸರಾಸರಿಯ ಮಾತಿಗೆ ಅರ್ಥವಿರಲಿಲ್ಲ. ಸರಾಸರಿ ಎಂಬುದು ಹಸಿದವನ ತಟ್ಟೆಗೂ ಉಂಡವನ ತಟ್ಟೆಗೂ ನಡುವೆ ನಿಂತು ಇಬ್ಬರನ್ನೂ ನೋಡದೆ ಇರುವ ಒಂದು ಅಂಕಿ.

1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ನರು ಸರ್ ರಿಚರ್ಡ್ ಟೆಂಪಲ್ಲರನ್ನು ದಕ್ಷಿಣಕ್ಕೆ ಕಳುಹಿಸಿದರು. ಈ ಟೆಂಪಲ್ಲರೇ 1874ರಲ್ಲಿ ಬಿಹಾರದ ಬರದಲ್ಲಿ ಬರ್ಮದಿಂದ ಅಕ್ಕಿ ತರಿಸಿ ಹಂಚಿ ಜನರನ್ನು ಉಳಿಸಿದ್ದರು. ಉಳಿಸಿದ್ದಕ್ಕೆ ಅವರಿಗೆ ಸಿಕ್ಕ ಬಹುಮಾನವೆಂದರೆ ದುಂದುಗಾರ ಎಂಬ ಬಿರುದು. ಆ ಕಳಂಕವನ್ನು ತೊಳೆದುಕೊಳ್ಳಲೋ ಎಂಬಂತೆ ಈ ಸಲ ಅವರು ಪರಿಹಾರದ ಕೆಲಸಗಾರನಿಗೆ ದಿನವೊಂದಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಚಿಲ್ಲರೆ ಕಾಸು ಸಾಕೆಂದು ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಇದನ್ನು ಬಲವಾಗಿ ಪ್ರತಿಭಟಿಸಿದರು. ಮಣ್ಣು ಹೊರುವ ಮನುಷ್ಯನ ದೇಹ ಎಷ್ಟು ಆಹಾರವನ್ನು ಬೇಡುತ್ತದೆಂಬುದನ್ನು ಅವರು ತೂಕದಿಂದಲೂ ವೈದ್ಯಶಾಸ್ತ್ರದಿಂದಲೂ ವಾದಿಸಿದರು. ಮದರಾಸು ಸರ್ಕಾರ ಆ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಿತು.

ಈ ಜಗಳದಲ್ಲಿ ಎರಡು ಕಡೆಯವರ ಕೈಯಲ್ಲಿಯೂ ಅಂಕಿಗಳಿದ್ದುವು. ಒಬ್ಬರ ಅಂಕಿ ಹೊರಟದ್ದು ಖಜಾನೆಯಿಂದ, ಇನ್ನೊಬ್ಬರ ಅಂಕಿ ಹೊರಟದ್ದು ಹೊಟ್ಟೆಯಿಂದ. “ಅಂಕಿ ಅಂಶ ಎಂದರೆ ಹೃದಯವಿಲ್ಲದ ವ್ಯವಹಾರ” ಎಂದು ಮೂಗು ಮುರಿಯುವ ನಮ್ಮ ಸಾಹಿತ್ಯಾಭಿಮಾನಿ ಮಿತ್ರರು ಇದನ್ನು ಗಮನಿಸಬೇಕು. ಟೆಂಪಲ್ಲರ ಒಂದು ಪೌಂಡಿಗೆ ಎದುರಾಗಿ ನಿಲ್ಲಲು ಕರುಣೆಯ ಕವಿತೆಗೆ ಶಕ್ತಿಯಿರಲಿಲ್ಲ. ಅದಕ್ಕೆ ಎದುರಾಗಿ ನಿಂತದ್ದು ವೈದ್ಯನೊಬ್ಬನ ತಕ್ಕಡಿ. ಲೆಕ್ಕವನ್ನು ನಾವು ಬಿಟ್ಟುಕೊಟ್ಟರೆ ಖಜಾನೆಯವನೇನೂ ಅದನ್ನು ಬಿಡುವುದಿಲ್ಲ. ಅವನು ತನ್ನ ಲೆಕ್ಕವನ್ನು ಬರೆದುಕೊಂಡೇ ಇರುತ್ತಾನೆ.

1877ರ ಸೆಪ್ಟೆಂಬರಿನಲ್ಲಿ ಎಲಿಯಟ್ ಎಂಬ ಸಮರ್ಥ ಅಧಿಕಾರಿ ಮೈಸೂರಿಗೆ ಕ್ಷಾಮದ ಕಮೀಷನರಾಗಿ ಬಂದರು. ಆ ವೇಳೆಗೆ ಬರಕ್ಕೆ ವರ್ಷ ತುಂಬುತ್ತ ಬಂದಿತ್ತು. ಅನಂತರ ಅವರೇ ಈ ಕ್ಷಾಮದ ಚರಿತ್ರೆಯನ್ನು ವರದಿಯಾಗಿ ಬರೆದರು. 1878ರಿಂದ 1880ರವರೆಗೆ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಕುಳಿತ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯೂ ಆದರು. ಆ ಆಯೋಗದ ಫಲವಾಗಿ 1883ರಲ್ಲಿ ಕ್ಷಾಮ ಸಂಹಿತೆ ಹೊರಟಿತು. ಹಳ್ಳಿಹಳ್ಳಿಯಲ್ಲಿ ನಿರಾಧಾರರ ಪಟ್ಟಿ ಇರಬೇಕು, ಹಳ್ಳಿಗಳನ್ನು ವೃತ್ತಗಳಾಗಿ ವಿಂಗಡಿಸಿ ತನಿಖೆಯವನು ತಿರುಗಬೇಕು, ಧಾರಣೆ ಏರುವುದು, ಜನ ಊರು ಬಿಟ್ಟು ಅಲೆಯುವುದು ಮೊದಲಾದ ಲಕ್ಷಣಗಳನ್ನು ಕಂಡೊಡನೆ ಮೇಲಕ್ಕೆ ಬರೆಯಬೇಕು ಎಂಬ ವಿಧಿಗಳು ಅದರೊಂದಿಗೆ ಬಂದುವು. ಇದು ದೊಡ್ಡ ಕೆಲಸವೆಂಬುದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಆ ಸಂಹಿತೆಗೂ ಒಂದು ವಕ್ರತೆ ಇತ್ತು. ಕಷ್ಟ ನಿಜವೋ ಸುಳ್ಳೋ ಎಂದು ತಿಳಿಯಲು ಪರೀಕ್ಷೆಯ ಕಾಮಗಾರಿಯನ್ನು ತೆರೆದು, ಕಡಿಮೆ ಕೂಲಿಗೆ ಜಲ್ಲಿ ಒಡೆಯಲು ಎಷ್ಟು ಮಂದಿ ಬರುತ್ತಾರೆಂದು ನೋಡುವುದು ಅದರ ಕ್ರಮ. ನಡೆದು ಬರಲಾರದ ಮುದುಕಿ ಆ ಪರೀಕ್ಷೆಯಲ್ಲಿ ಕಷ್ಟವೇ ಇಲ್ಲದವಳೆಂದು ತೇರ್ಗಡೆಯಾಗುತ್ತಾಳೆ! ಕೇಳಿ ತಿಳಿಯುವುದಕ್ಕೆ ಬದಲಾಗಿ ಬರಿಸಿ ತಿಳಿಯುವ ಈ ಚಾಳಿ ನಮ್ಮ ಕಚೇರಿಗಳಿಂದ ಇನ್ನೂ ತೊಲಗಿಲ್ಲ. “ಅರ್ಜಿ ಬಂದಿಲ್ಲ, ಆದಕಾರಣ ಕಷ್ಟವಿಲ್ಲ” ಎಂಬುದು ಅದರ ಇಂದಿನ ರೂಪ.

ಕ್ಷಾಮ ಸಂಸ್ಥಾನದ ಮೇಲೆ ಬಿಟ್ಟುಹೋದ ಸಾಲ 80 ಲಕ್ಷ ರೂಪಾಯಿ. 1881ರ ಮಾರ್ಚಿ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂದಿರುಗಿದಾಗ ಆ ಸಾಲವೂ ಅದರೊಡನೆ ಬಂತು. ಸಾಲಕ್ಕೆ ಮಾತ್ರ ಪೈಸೆ ಪೈಸೆಯ ಲೆಕ್ಕ ಇತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದು ಹಳೆಯ ಕಥೆಯಾಯಿತು, ಈಗ ಕಾಲ ಬದಲಾಗಿದೆ ಎನ್ನುವಿರಾ? ಸರಿ, ಈ ಕಾಲಕ್ಕೇ ಬರೋಣ.

2018ರ ಆಗಸ್ಟ್ ನಡುವೆ ಕೊಡಗಿನಲ್ಲಿ ಬೆಟ್ಟಗಳು ಜರಿದುವು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಹೆಸರುಗಳನ್ನು ಮೈಸೂರಿನವರಲ್ಲಿ ಅನೇಕರು ಮೊದಲು ಕೇಳಿದ್ದು ಆಗಲೇ. ನಮ್ಮ ಬಡಾವಣೆಗಳಲ್ಲಿ ಸಾಮಗ್ರಿಯ ಸಂಗ್ರಹವಾಯಿತು, ವಾಹನಗಳು ಬೆಟ್ಟ ಹತ್ತಿದುವು. ಕೊಟ್ಟವರ ಮನಸ್ಸು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡುವ ಮೊದಲು ಅಲ್ಲಿ ಬೇಕಾದದ್ದೇನೆಂದು ವಿಚಾರಿಸಿದ ಮನೆಗಳು ಎಷ್ಟು? ಮನೆಯಲ್ಲಿ ಹೆಚ್ಚಾದ ಹಳೆಯ ಬಟ್ಟೆಯನ್ನು ಗಂಟು ಕಟ್ಟಿ ಕಳುಹಿಸಿದರೆ ಕೊಟ್ಟವರ ಕಪಾಟು ಹಗುರಾಗುತ್ತದೆ. ಪಡೆದವರಿಗೆ ಅದನ್ನು ವಿಂಗಡಿಸುವುದೇ ಒಂದು ಹೊರೆ. ಜಗತ್ತಿನ ಯಾವ ದೊಡ್ಡ ವಿಪತ್ತಿನ ವರದಿಯನ್ನು ತೆಗೆದರೂ ಬೇಡದ ವಸ್ತುಗಳ ರಾಶಿ ಬೇಕಾದ ವಸ್ತುಗಳ ದಾರಿಗೆ ಅಡ್ಡ ಬಿದ್ದ ದೂರು ಕಾಣಸಿಗುತ್ತದೆ. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಬೇಕು, ಬಾಣಂತಿಗೆ ಬಿಸಿನೀರು ಬೇಕು, ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಗೃಹ ಬೇಕು, ಶಾಲೆಯ ಹುಡುಗನಿಗೆ ಕೊಚ್ಚಿಹೋದ ಅಂಕಪಟ್ಟಿಯ ಪ್ರತಿ ಬೇಕು. ಇವು ಯಾವುವೂ ಗಂಟಿನಲ್ಲಿ ಬರುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತವೆ.

“ಮನೆ ಹತ್ತಿ ಉರಿಯುವಾಗ ಲೆಕ್ಕ ಬರೆಯುತ್ತ ಕೂರುವರೇ?” ಎಂದು ಕೆಲವರು ಕೇಳುವುದುಂಟು. ಕೇಳಲು ಬಲು ಚೆನ್ನಾದ ಮಾತು. ಆದರೆ ಬೆಂಕಿ ಆರಿಸುವವನು ಸಹ ಮೊದಲು ಕೇಳುವ ಪ್ರಶ್ನೆ “ಒಳಗೆ ಎಷ್ಟು ಮಂದಿ ಇದ್ದಾರೆ?” ಎಂಬುದೇ. ಅದಕ್ಕೆ ಉತ್ತರ ಹೇಳುವ ನೆರೆಯವನಿಲ್ಲದಿದ್ದರೆ ಅವನು ಬರಿಯ ಕೋಣೆಗೆ ನೀರು ಹೊಡೆಯುತ್ತಾನೆ. ಆ ಉತ್ತರವನ್ನು ಬೆಂಕಿಗಿಂತ ಮೊದಲೇ ಬರೆದಿಟ್ಟಿರಬೇಕೆಂದಷ್ಟೆ ನಮ್ಮ ಮಾತು.

ಕೊಡಗಿನಲ್ಲಿ ಈ ಪ್ರಶ್ನೆ ಎಷ್ಟು ಕಠಿನವಾಗುತ್ತದೆಂಬುದನ್ನು ನೋಡಿರಿ. ಕಾಫಿತೋಟದ ಲೈನ್ ಮನೆಯಲ್ಲಿ ಇರುವ ಕೂಲಿಯವನಿಗೆ ಆ ಮನೆ ಸ್ವಂತವಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲ. ಮನೆ ಹಾನಿಗೆ ಪರಿಹಾರ ಎಂದೊಡನೆ ದಾಖಲೆ ಹುಡುಕುವ ಕಚೇರಿಗೆ ಅವನು ಕಾಣುವುದೇ ಇಲ್ಲ. ಮಾರನೆಯ ವರ್ಷ, 2019ರ ಆಗಸ್ಟಿನಲ್ಲಿ, ಕಾವೇರಿ ಉಕ್ಕಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ ಮೊದಲಾದ ಕಡೆಗಳಲ್ಲಿ ಹೊಳೆಯ ದಡದ ಬಡವರ ಮನೆಗಳು ಹೋದಾಗಲೂ ಇದೇ ಪ್ರಶ್ನೆ: ಹಕ್ಕುಪತ್ರವಿಲ್ಲದವನು ನೆಲೆ ಕಳೆದುಕೊಂಡನೆಂದು ಯಾವ ಕಾಲಮಿನಲ್ಲಿ ಬರೆಯುವುದು? ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು ಎಷ್ಟೋ ತಲೆಮಾರಿನಿಂದ ಬಾಳುತ್ತಿದ್ದಾರೆ. ಆದರೂ ಹಾಡಿ, ಹಟ್ಟಿ, ತಾಂಡಾ ಎಂಬ ಇಂಥ ನೂರಾರು ವಸತಿಗಳು ದೀರ್ಘಕಾಲ ಕಂದಾಯದ ನಕ್ಷೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ಅವನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸಕ್ಕೆ ಕಾಯಿದೆಯ ಬಲ ಬಂದದ್ದು ತೀರ ಈಚೆಗೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 52,000 ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ಈ ಕೆಲಸದ ಒಂದು ಘಟ್ಟ. ನಕ್ಷೆಯಲ್ಲಿ ಇಲ್ಲದ ಊರಿಗೆ ಹೊಳೆಯ ನೀರು ಬರುತ್ತದೆ, ಬರವೂ ಬರುತ್ತದೆ. ಪರಿಹಾರ ಮಾತ್ರ ದಾರಿ ತಪ್ಪುತ್ತದೆ.

ಇನ್ನು ಬರದ ಮಾತು. ಮಳೆಯನ್ನು ಅಳೆಯುವುದರಲ್ಲಿ ಕರ್ನಾಟಕ ಯಾರಿಗೂ ಹಿಂದೆ ಬಿದ್ದಿಲ್ಲವೆಂದು ನಾವು ಹೆಮ್ಮೆಯಿಂದ ಹೇಳಬಹುದು. 1988ರಲ್ಲಿ ಬರ ನಿರೀಕ್ಷಣೆಗೆಂದೇ ಇಲ್ಲಿ ಒಂದು ಕೇಂದ್ರ ಸ್ಥಾಪಿತವಾಯಿತು. ಈಗ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅದು ಇರಿಸಿರುವ ಆರು ಸಾವಿರಕ್ಕೂ ಹೆಚ್ಚಿನ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ವರ್ತಮಾನ ಕಳುಹಿಸುವಂತೆ ಏರ್ಪಾಡಾಗಿದೆ. ಹದಿನೈದು ನಿಮಿಷಕ್ಕೊಮ್ಮೆ ಆಕಾಶದ ಸುದ್ದಿ ಬರುವ ಅದೇ ಪಂಚಾಯಿತಿಯಿಂದ ಒಲೆಯ ಸುದ್ದಿ ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತದೆಯೆ? ಯಾವ ಕೊಳವೆಬಾವಿ ಒಣಗಿತು, ಯಾರು ದನ ಮಾರಿದರು, ಯಾವ ಮನೆಯವರು ಬೀಗ ಹಾಕಿ ಗುಳೆ ಹೋದರು ಎಂಬುದನ್ನು ಊರಿನಲ್ಲಿ ಎಲ್ಲರೂ ಬಲ್ಲರು, ಬರೆಯುವವರಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಬರವೆಂದು ಒಪ್ಪಿಸಲು 2016ರ ಕೇಂದ್ರ ಕೈಪಿಡಿಯಂತೆ ಮಳೆ, ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು ಇವುಗಳ ಸೂಚ್ಯಂಕಗಳನ್ನು ತೋರಿಸಿ, ಆಮೇಲೆ ತಾಲ್ಲೂಕಿನ ಹಳ್ಳಿಗಳಲ್ಲಿ ನೂರಕ್ಕೆ ಹತ್ತನ್ನು ಆರಿಸಿ ಹೊಲಕ್ಕೆ ಹೋಗಿ ನೋಡಬೇಕು. ಆ ವರ್ಷ “ಹಸಿರು ಬರ” ಎಂಬ ಹೊಸ ಮಾತು ಕೇಳಿಬಂತು: ತಡವಾದ ಮಳೆಗೆ ಹೊಲ ಹಸಿರಾಗಿ ಕಾಣುತ್ತದೆ, ತೆನೆಯಲ್ಲಿ ಕಾಳಿಲ್ಲ. ಆಕಾಶದಿಂದ ನೋಡಿದ ಯಂತ್ರಕ್ಕೆ ಎಲೆ ಕಂಡೀತು. ಕಾಳು ಕಾಣಲು ತೆನೆಯನ್ನು ಕೈಯಲ್ಲಿ ಹಿಸುಕಿ ನೋಡಬೇಕು. ರಾಜ್ಯವು ಕೇಂದ್ರದ ವಿಪತ್ತು ನಿಧಿಯಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಬಳಿಕ 2024ರ ಏಪ್ರಿಲಿನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಈ ವಿವಾದದಲ್ಲಿ ಯಾರದು ಎಷ್ಟು ಸರಿ ಎಂಬುದನ್ನು ರಾಜಕಾರಣಿಗಳಿಗೆ ಬಿಡೋಣ. ನಮಗೆ ಬೇಕಾದ್ದು ಅದರೊಳಗಿನ ಒಂದು ಎಳೆ. ಸಣ್ಣ, ಅತಿ ಸಣ್ಣ ರೈತರ ಪ್ರಮಾಣಕ್ಕೆ 2015-16ರ ಕೃಷಿ ಗಣತಿಯನ್ನು ಹಿಡಿಯುವುದೋ, ರಾಜ್ಯ ಆಮೇಲೆ ಮಾಡಿಕೊಂಡ ‘ಫ್ರೂಟ್ಸ್’ ಎಂಬ ರೈತ ನೋಂದಣಿಯನ್ನು ಹಿಡಿಯುವುದೋ ಎಂಬುದೇ ಅಲ್ಲಿ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಬೆಳೆ ಒಣಗಿ ತಿಂಗಳುಗಳಾದ ಮೇಲೆ ಒಣಗಿದ್ದು ಯಾರದೆಂಬ ಪಟ್ಟಿಯ ಬಗ್ಗೆ ಪತ್ರವ್ಯವಹಾರ! ಆ ಎರಡು ಪಟ್ಟಿಗಳಲ್ಲಿಯೂ ಜಮೀನಿಲ್ಲದ ಕೂಲಿಗೆ ಜಾಗವಿರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಮೆಕೆಂಜಿಯ ಕಾಲದಿಂದ ನಾವು ಅಷ್ಟೇನೂ ದೂರ ಬಂದಂತಿಲ್ಲ.

ಎಲ್ಲಕ್ಕಿಂತ ನೋವಿನ ನಿದರ್ಶನ ನಮ್ಮ ಬಾಗಿಲಲ್ಲೇ ಇದೆ. 2021ರ ಮೇ 2ರ ರಾತ್ರಿ ಕಳೆದು 3 ಬೆಳಗಾಗುವ ವೇಳೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, 24 ಗಂಟೆಗಳ ಅವಧಿಯಲ್ಲಿ, 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಸಿಲಿಂಡರುಗಳು ಅಲ್ಲಿಗೆ ಬರುತ್ತಿದ್ದುದು ಮೈಸೂರಿನಿಂದ. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂಬ ಮಾತು ಸರ್ಕಾರದ ಕಡೆಯಿಂದ ಮೊದಲು ಹೊರಟಿತು. ಉಚ್ಚ ನ್ಯಾಯಾಲಯದ ಆದೇಶದಿಂದ ರಚಿತವಾದ ಸಮಿತಿಯ ವರದಿ ಬಂದಾಗ ಆ ಮಾತು ನಿಲ್ಲಲಿಲ್ಲ. ಯಾರ ತಪ್ಪು ಎಂದು ಎರಡು ಜಿಲ್ಲೆಗಳ ನಡುವೆ ನಡೆದ ವಾಗ್ವಾದವನ್ನು ಇಲ್ಲಿ ಎತ್ತುವುದಿಲ್ಲ. ಆ ರಾತ್ರಿ ಬೇಕಾಗಿದ್ದುದು ಮೂರು ಅಂಕಿಗಳು: ಗಂಟೆಗೆ ಎಷ್ಟು ಸಿಲಿಂಡರು ತೀರುತ್ತಿವೆ, ಎಷ್ಟು ಉಳಿದಿವೆ, ಮುಂದಿನ ಗಾಡಿ ಎಲ್ಲಿದೆ. ಇದಕ್ಕೆ ಉಪಗ್ರಹ ಬೇಡ, ಪಂಡಿತರು ಬೇಡ. ಗೋಡೆಯ ಮೇಲೊಂದು ಕರಿಹಲಗೆ, ಅದನ್ನು ತುಂಬುವವನೊಬ್ಬ, ಅದನ್ನು ನೋಡಿ ಏಳುವವನೊಬ್ಬ ಸಾಕು. ಬದುಕಿದ್ದವರ ವಿಷಯದಲ್ಲಿ ಆ ಮೂರು ಅಂಕಿಗಳು ಕೂಡಿಬಾರದೆ ಹೋಗಿ, ಸತ್ತವರು ಎಷ್ಟೆಂದು ತೀರ್ಮಾನಿಸಲು ಸಮಿತಿ ಕೂರಬೇಕಾಯಿತು. 1877ಕ್ಕೂ 2021ಕ್ಕೂ ಇರುವ ಬಂಧುತ್ವ ಇದೇ.

ಇಷ್ಟರ ಮೇಲೆ ತಳಪಾಯದ ಲೆಕ್ಕವೇ ಹಳತಾಗಿದೆ. 1871ರಲ್ಲಿ ಒಂದು ಎಣಿಕೆ ಇದ್ದುದರಿಂದ ಕ್ಷಾಮದ ನಷ್ಟವನ್ನಾದರೂ ತಿಳಿದೆವು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚಿ 1ನ್ನು ಆಧಾರದಿನವಾಗಿ ಇಟ್ಟುಕೊಂಡು ಅದನ್ನು ನಡೆಸುವುದೆಂದು 2025ರಲ್ಲಿ ಗೊತ್ತಾಯಿತು. 2013ರ ಆಹಾರ ಭದ್ರತಾ ಕಾಯಿದೆಯಂತೆ ಪಡಿತರ ಪಡೆಯುವವರ ಮಿತಿ ನಿಂತಿರುವುದು 2011ರ ಜನಸಂಖ್ಯೆಯ ಮೇಲೆ. ಅನಂತರ ಹುಟ್ಟಿ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳು ಆ ಮಿತಿಯನ್ನು ಕಟ್ಟಿದ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಇದರ ವಿಷಯವಾಗಿ ನಮ್ಮ ನಗರದ ಸಭೆಗಳಲ್ಲಿ ಒಂದು ನಿರ್ಣಯ ಅಂಗೀಕಾರವಾದದ್ದನ್ನು ನಾವು ಕೇಳಲಿಲ್ಲ. ದಸರೆಯ ಮೆರವಣಿಗೆಗೆ ಆನೆ ಎಷ್ಟು, ಕುದುರೆ ಎಷ್ಟು ಎಂಬ ಲೆಕ್ಕ ಮಾತ್ರ ಪ್ರತಿ ಮನೆಯಲ್ಲಿಯೂ ಬಾಯಿಪಾಠವಾಗಿದೆ.

ಎದುರುವಾದಗಳಲ್ಲಿ ಒಂದಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಬಡವರ ಪಟ್ಟಿ ಬಡವರಿಗೇ ಕತ್ತಿಯಾಗಬಹುದು ಎಂಬುದು ಅದು. ಯಾರ ಮನೆಯಲ್ಲಿ ಯಾವ ರೋಗ, ಯಾರಿಗೆ ಎಷ್ಟು ಸಾಲ, ಯಾರು ಯಾವ ಊರಿನಿಂದ ಓಡಿ ಬಂದವರು ಎಂಬುದನ್ನು ಬರೆದಿಟ್ಟರೆ, ಅದನ್ನು ಓದುವ ಕಣ್ಣು ಯಾವಾಗಲೂ ತಾಯಿಯ ಕಣ್ಣೇ ಆಗಿರುತ್ತದೆಂದು ಹೇಳಲಾಗದು. ಲೇವಾದೇವಿಯವನೂ ಓದಿಯಾನು, ಪುಢಾರಿಯೂ ಓದಿಯಾನು. ಆದಕಾರಣ ಹೆಸರು ಬೇರೆ, ಅಗತ್ಯ ಬೇರೆ ಇರಬೇಕು. ಈ ಹಾಡಿಯಲ್ಲಿ ಇಷ್ಟು ಮಂದಿ ಹಾಸಿಗೆ ಹಿಡಿದವರು, ಇಷ್ಟು ಕೈಕೂಸುಗಳು, ಮಳೆಗಾಲದಲ್ಲಿ ದಾಟಲು ಇರುವುದು ಈ ಒಂದೇ ಸಂಕ ಎಂಬಷ್ಟನ್ನು ನಕ್ಷೆಯಲ್ಲಿ ಬಹಿರಂಗವಾಗಿ ತೋರಿಸಬಹುದು. ಮನೆವಾರು ಹೆಸರುಗಳು ಬೀಗದೊಳಗೆ ಇರತಕ್ಕದ್ದು. ಆದರೆ ಭಯವಿದೆಯೆಂದು ಎಣಿಕೆಯನ್ನೇ ಬಿಡುವುದು ಕಳ್ಳನಿಗೆ ಹೆದರಿ ದೀಪ ಹಚ್ಚದೆ ಕೂತಂತೆ.

ಪಟ್ಟಿ ಜನರ ಕೈಗೆ ಬಂದರೆ ಏನಾಗುತ್ತದೆಂಬುದಕ್ಕೆ ನೆರೆಯ ವಯನಾಡು ಸಾಕ್ಷಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿಯಿತು. ಅಲ್ಲಿ ತೀರಿಹೋದವರಲ್ಲಿ ನಮ್ಮ ಚಾಮರಾಜನಗರದ ಕಡೆಯ ಕನ್ನಡಿಗರೂ ಇದ್ದರು. ಕಾಣೆಯಾದವರು ಎಷ್ಟು ಮಂದಿ? ಅಲ್ಲಿನ ಜಿಲ್ಲಾಡಳಿತವು ಪಡಿತರ ಚೀಟಿ, ಮತದಾರರ ಯಾದಿ, ಶಾಲೆಯ ಹಾಜರಿ ಮೊದಲಾದುವನ್ನು ತಾಳೆ ನೋಡಿ ಆಗಸ್ಟಿನ ಮೊದಲ ವಾರಗಳಲ್ಲಿಯೇ 138 ಹೆಸರುಗಳ ಕರಡು ಪಟ್ಟಿಯನ್ನು ಪ್ರಕಟಿಸಿ, ತಪ್ಪಿದ್ದರೆ ತಿದ್ದಿರೆಂದು ಜನರನ್ನು ಕೇಳಿತು. ಕರಡು ಎಂದು ಒಪ್ಪಿಕೊಂಡು ಪ್ರಕಟಿಸಿದ್ದೇ ಅದರ ಹಿರಿಮೆ. ನಮ್ಮ ಕಚೇರಿಗಳಲ್ಲಿ ಪಟ್ಟಿಯೆಂಬುದು ಪೂರ್ಣವಾಗುವವರೆಗೆ ರಹಸ್ಯ, ಪೂರ್ಣವಾದ ಮೇಲೆ ಅಚಲ. ದೂರದ ಹೈಟಿ ದೇಶದಲ್ಲಿ 2010ರ ಜನವರಿಯ ಭೂಕಂಪದ ಬಳಿಕ, ಆ ದೇಶವನ್ನು ಕಣ್ಣಿಂದ ಕಾಣದ ಸ್ವಯಂಸೇವಕರು ಬೇರೆ ಬೇರೆ ಖಂಡಗಳಲ್ಲಿ ಕುಳಿತು ಆಕಾಶಚಿತ್ರಗಳನ್ನು ನೋಡಿ, ರಾಜಧಾನಿಯ ಬೀದಿಬೀದಿಯನ್ನೂ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. ಪರಿಹಾರದವರು ಅದನ್ನೇ ಹಿಡಿದು ಓಡಾಡಿದರು. ನಮ್ಮ ನಗರದಲ್ಲಿ ಗಣಕಯಂತ್ರ ಬಲ್ಲ ಯುವಕ ಯುವತಿಯರಿಗೆ ಕೊರತೆಯೆ? ಹೆಗ್ಗಡದೇವನಕೋಟೆಯ ಹಾಡಿಗಳು ಅವರಿಗೆ ಹೈಟಿಗಿಂತ ದೂರವೆ?

ಏನನ್ನು ಕೇಳಬೇಕೆಂಬುದೂ ಗುಟ್ಟಲ್ಲ. 1997ರಲ್ಲಿ ಹಲವು ದೇಶಗಳ ಸೇವಾಸಂಸ್ಥೆಗಳು ಕೂಡಿ ಆರಂಭಿಸಿದ ‘ಸ್ಫಿಯರ್’ ಎಂಬ ಯೋಜನೆಯ ಕೈಪಿಡಿ, ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರು ನೀರು, 20 ಮಂದಿಗೆ ಒಂದು ಶೌಚಗೃಹ ಎಂದು ಅಳತೆ ಕೊಟ್ಟಿದೆ. ಈ ಅಳತೆಗೋಲು ಹಿಡಿದವನು ಶಿಬಿರದ ಬಾಗಿಲಲ್ಲಿ ನಿಂತು ಅರ್ಧ ಗಂಟೆಯಲ್ಲಿ ಕೊರತೆ ಎಷ್ಟೆಂದು ಹೇಳಬಲ್ಲನು. ಅಳತೆಗೋಲು ಇಲ್ಲದ ಗಣ್ಯರು ಶಿಬಿರಕ್ಕೆ ಬಂದರೆ ಊಟ ರುಚಿಯಾಗಿದೆಯೆಂದು ಹೇಳಿ ಹೋಗುತ್ತಾರೆ.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹೆದ್ದಾರಿಯನ್ನು ಮುಚ್ಚಿದ್ದು ನಮ್ಮ ವಾಚಕರಿಗೆ ನೆನಪಿರಬೇಕು. ಆ ನೀರು ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಮುಂದಿನ ಮುಂಗಾರಿಗೆ ಮೊದಲು ಮೈಸೂರು ಜಿಲ್ಲೆಯ ಒಂದೊಂದು ಪಂಚಾಯಿತಿಯೂ ತನ್ನ ಎಲ್ಲೆಯೊಳಗಿನ ಹಾಡಿ, ಕಾಲೊನಿ, ತೋಟದ ಮನೆಗಳನ್ನು ಬಿಡದೆ ಗುರುತಿಸಿದ ಒಂದು ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಕಚೇರಿಯ ಗೋಡೆಗೆ ತೂಗುಹಾಕಲಿ. ಗ್ರಾಮಸಭೆಯಲ್ಲಿ ಅದನ್ನು ಓದಿ ತಿದ್ದಲಿ. ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಹುಟ್ಟೂರಿನ ಒಂದು ಪ್ರತಿಯನ್ನಾದರೂ ಸ್ವತಃ ನಡೆದು ನೋಡಿ ತುಂಬಲಿ. ಊರಿನ ಜಾತ್ರೆಗೆ ಹೇಗೂ ಹೋಗುತ್ತೇವೆ. ಆ ದಿನ ಒಂದು ಗಂಟೆ ಮೊದಲು ಹೊರಟು, ಹೊಳೆಯ ಕಡೆಯ ಕೇರಿಯಲ್ಲಿ ಎಷ್ಟು ಬಾಗಿಲುಗಳಿವೆ, ಪ್ರತಿಯೊಂದು ಬಾಗಿಲ ಹಿಂದೆ ತಾನಾಗಿ ಎದ್ದು ನಡೆಯಲಾರದವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿ ಬರೆದುಕೊಂಡು ಬರಬಹುದು.